ಬಡಾವಣೆಯಲ್ಲೊಂದು ಪರಿಸರ ಭಾನುವಾರ: ಹಸಿಕಸವನ್ನು ಗೊಬ್ಬರವಾಗಿಸುವ ಕಾರ್ಯಕ್ರಮ ನಡೆಸುವ ಬಗೆ

ಜೂನ್ 5ರಂದು ನಮ್ಮ ಊರುಗಳ ಉದ್ಯಾನಗಳಲ್ಲಿ ನಡೆಯುವ ಪರಿಸರ ದಿನಾಚರಣೆಗೆ ಒಂದು ಸಿದ್ಧ ರೂಪ ಬಂದುಬಿಟ್ಟಿದೆ. ಪ್ರವೇಶದ್ವಾರದಲ್ಲಿ ಫ್ಲೆಕ್ಸ್, ವೇದಿಕೆಯ ಮೇಲೆ ನೀರಿನ ಬಾಟಲಿಗಳು, ಗಣ್ಯರಿಗೆ ಶಾಲು, ಕೊನೆಯಲ್ಲಿ ಒಂದು ಸಸಿಯನ್ನು ಎಂಟು ಕೈಗಳು ಹಿಡಿದಿರುವ ಛಾಯಾಚಿತ್ರ. ನಮ್ಮ ನಿವಾಸಿಗಳ ಸಂಘವೂ ಮೊದಲ ವರ್ಷ ಹೀಗೆಯೇ ಮಾಡಿತು. ನೆಟ್ಟ ಸಸಿಗಳಿಗೆ ಬೇಲಿ ಕಟ್ಟಲು ಮರೆತಿದ್ದೆವು. ಅವು ಬೀದಿಯ ಹಸುಗಳಿಗೆ ಮೇವಾದವು. ಅಂದು ಸಂಜೆ ಉದ್ಯಾನದಲ್ಲಿ ಉಳಿದ ಕಾಗದದ ಲೋಟಗಳನ್ನು ಹೆಕ್ಕಿದವರು ಮರುದಿನ ಬೆಳಿಗ್ಗೆ ಬಂದ ಪೌರಕಾರ್ಮಿಕರು. ಆ ನಾಚಿಕೆಯ ನಂತರ ನಾವು ಕಾರ್ಯಕ್ರಮದ ಅಳತೆಗೋಲನ್ನೇ ಬದಲಿಸಿಕೊಂಡೆವು. ಬಂದವರ ಸಂಖ್ಯೆಯನ್ನು ಲೆಕ್ಕವಿಡುವುದನ್ನು ಬಿಟ್ಟು, ಕಾರ್ಯಕ್ರಮ ಮುಗಿದು ಎರಡು ತಿಂಗಳ ಮೇಲೆ ಎಷ್ಟು ಮನೆಗಳಲ್ಲಿ ಒಂದು ರೂಢಿ ಉಳಿದಿದೆ ಎಂಬುದನ್ನು ಎಣಿಸತೊಡಗಿದೆವು. ಸುಮಾರು ನೂರೈವತ್ತು ಮನೆಗಳ ಒಂದು ಬಡಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಂಥ ಕಾರ್ಯಕ್ರಮವನ್ನು ಆರು ವಾರಗಳ ಸಿದ್ಧತೆಯಲ್ಲಿ ಹೇಗೆ ನಡೆಸಬಹುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಕಾರ್ಯಕ್ರಮಕ್ಕೆ ಒಂದೇ ರೂಢಿ

ಮೊದಲ ಸಭೆಯಲ್ಲಿಯೇ ಎಲ್ಲರೂ ತಮಗೆ ಪ್ರಿಯವಾದ ವಿಷಯವನ್ನು ಸೇರಿಸಲು ನೋಡುತ್ತಾರೆ. ಮಳೆನೀರು ಕೊಯ್ಲು, ಸೌರಶಕ್ತಿ, ಸಿರಿಧಾನ್ಯ, ಗುಬ್ಬಚ್ಚಿ ಗೂಡು, ಬಟ್ಟೆಚೀಲ ಎಲ್ಲವೂ ಒಳ್ಳೆಯವೇ ಆದರೂ ಒಂದೇ ಬೆಳಿಗ್ಗೆ ಇವೆಲ್ಲವನ್ನೂ ಕೇಳಿದವರು ಮನೆಗೆ ಹೋಗಿ ಯಾವುದನ್ನೂ ಆರಂಭಿಸುವುದಿಲ್ಲ. ಆದ್ದರಿಂದ ಒಂದನ್ನು ಮಾತ್ರ ಆರಿಸಿಕೊಂಡು, ಉಳಿದವುಗಳನ್ನು ಮುಂದಿನ ಭಾನುವಾರಗಳಿಗೆ ಕಾಯ್ದಿರಿಸಬೇಕು. ಮೊದಲನೆಯದಾಗಿ ನಾನು ಸೂಚಿಸುವುದು ಹಸಿಕಸದಿಂದ ಮನೆಯಲ್ಲಿಯೇ ಗೊಬ್ಬರ ಮಾಡುವುದನ್ನು. ಅಡುಗೆಮನೆ ಇಲ್ಲದ ಮನೆಯಿಲ್ಲ. ನಮ್ಮ ಊರುಗಳ ಮನೆಕಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಸಿಕಸವೇ. ಅದು ಒಣಕಸದೊಂದಿಗೆ ಬೆರೆತರೆ ಮಾರಾಟವಾಗಬಹುದಾಗಿದ್ದ ಕಾಗದವೂ ಪ್ಲಾಸ್ಟಿಕ್ಕೂ ಕೆಲಸಕ್ಕೆ ಬಾರದಂತಾಗುತ್ತವೆ. ಊರಾಚೆಯ ಕಸದ ರಾಶಿಯಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಅದರಿಂದ ಮೀಥೇನ್ ಅನಿಲ ಹೊಮ್ಮುತ್ತದೆ, ಕಪ್ಪು ರಸ ಇಳಿದು ಅಂತರ್ಜಲವನ್ನು ಸೇರುತ್ತದೆ. ಇದೇ ಕಸಕ್ಕೆ ಗಾಳಿಯೂ ತರಗೆಲೆಯೂ ದೊರೆತರೆ ಸುಮಾರು ಎರಡು ತಿಂಗಳಲ್ಲಿ ಅದು ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ.

ಇದೇನೂ ನಮಗೆ ಹೊಸ ವಿದ್ಯೆಯಲ್ಲ. ಹಳ್ಳಿಯ ಪ್ರತಿ ಮನೆಗೂ ಒಂದು ತಿಪ್ಪೆ ಇರುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪವಿಡುವ ಪದ್ಧತಿ ಹಲವು ಕಡೆ ಇಂದಿಗೂ ಇದೆ. ತಿಪ್ಪೆಗೆ ದೀಪವಿಟ್ಟ ಹಿರಿಯರು ಬಡಾವಣೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಹುಡುಕಿ ಮಾತಿಗೆ ಕರೆಯಿರಿ. ಹೊರಗಿನಿಂದ ತಜ್ಞರನ್ನು ಕರೆಸುವ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ.

ದಿನವನ್ನು ಆರಿಸುವುದು

ವಿಶ್ವ ಪರಿಸರ ದಿನವನ್ನು 1973ರಿಂದ ಆಚರಿಸಲಾಗುತ್ತಿದೆ. ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಗೊಬ್ಬರದ ಕಾರ್ಯಕ್ರಮಕ್ಕೆ ಜೂನ್ ತಿಂಗಳು ಒಗ್ಗುವುದಿಲ್ಲ. ಆ ಹೊತ್ತಿಗೆ ಮುಂಗಾರು ಕಾಲಿಡುತ್ತಿರುತ್ತದೆ, ತರಗೆಲೆ ಒದ್ದೆಯಾಗಿರುತ್ತದೆ, ಹೊಸದಾಗಿ ಕಲಿಯುವವರು ಗೊಬ್ಬರ ಮಾಡುವ ಬಕೆಟ್‌ಗಳಲ್ಲಿ ತೇವ ಹೆಚ್ಚಿ ನಾತ ಬರುತ್ತದೆ. ಜನವರಿಯ ಕೊನೆಯಿಂದ ಮಾರ್ಚ್‌ವರೆಗಿನ ಅವಧಿ ಉತ್ತಮ. ಆಗ ಹೊಂಗೆ, ಅರಳಿ, ಮಳೆಮರಗಳು ಎಲೆಯುದುರಿಸುತ್ತವೆ. ಬೀದಿ ಗುಡಿಸಿದವರು ಆ ಎಲೆಯನ್ನು ರಸ್ತೆಯ ಬದಿಯಲ್ಲಿ ಸುಡುವುದನ್ನು ನೀವೂ ನೋಡಿರುತ್ತೀರಿ. ಬೀದಿಯಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದರೂ ಆ ಹೊಗೆ ನಿಂತಿಲ್ಲ. ಹಸಿಕಸಕ್ಕೆ ಜೊತೆಯಾಗಬೇಕಾದ ಸಾಮಗ್ರಿ ಬಿಟ್ಟಿಯಾಗಿ ಸಿಗುವ ಕಾಲವದು. ಕಾರ್ಯಕ್ರಮ ಆಗಲೇ ನಡೆದರೆ ಎರಡು ಸಮಸ್ಯೆಗಳು ಒಂದೇ ಬಕೆಟ್‌ನಲ್ಲಿ ಮುಗಿಯುತ್ತವೆ. ಸಮಯ ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ ಇರಲಿ. ಬಿಸಿಲೇರಿದ ಮೇಲೆ ಜನ ನಿಲ್ಲುವುದಿಲ್ಲ, ಶಾಮಿಯಾನದ ಬಾಡಿಗೆಯನ್ನೂ ಉಳಿಸಬಹುದು.

ಆರು ವಾರ ಮೊದಲಿನ ಕೆಲಸ

ಸಿದ್ಧತೆ ಆರಂಭವಾಗಬೇಕಾದದ್ದು ನಿಮ್ಮ ಬೀದಿಯ ಪೌರಕಾರ್ಮಿಕರೊಡನೆ ಮಾತನಾಡುವುದರಿಂದ. ಯಾವ ಮನೆಯವರು ಕಸ ಬೇರ್ಪಡಿಸಿ ಕೊಡುತ್ತಾರೆ, ಯಾರು ರಾತ್ರಿ ಹೊತ್ತು ಖಾಲಿ ನಿವೇಶನಕ್ಕೆ ಚೀಲ ಎಸೆಯುತ್ತಾರೆ, ಮಕ್ಕಳ ಡಯಾಪರ್ ಯಾವ ಚೀಲದಲ್ಲಿ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿಲ್ಲ. ಅವರಲ್ಲೊಬ್ಬರು ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಮಾತನಾಡಲು ಒಪ್ಪಿದರೆ ಅದಕ್ಕಿಂತ ಪರಿಣಾಮಕಾರಿಯಾದ ಭಾಷಣ ಮತ್ತೊಂದಿಲ್ಲ. ಆದರೆ ಅದು ಅವರ ವಾರದ ರಜೆಯನ್ನು ತಿನ್ನದಂತೆ ನೋಡಿಕೊಳ್ಳಬೇಕು. ಬಂದವರಿಗೆ, ಬೇರೆ ಯಾವುದೇ ಸಂಪನ್ಮೂಲ ವ್ಯಕ್ತಿಗೆ ಕೊಡುವಂತೆಯೇ, ಗೌರವಧನ ಕೊಡಬೇಕು. ವೇದಿಕೆಗೆ ಕರೆದು ಹಾರ ಹಾಕಿ, ಕೆಳಗಿಳಿದ ಕೂಡಲೇ ತಟ್ಟೆ ಎತ್ತಲು ಹೇಳುವ ಅಸಭ್ಯತೆಯನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಎರಡನೆಯ ಕೆಲಸ ತೂಕ. ಹತ್ತು ಮನೆಗಳನ್ನು ಒಪ್ಪಿಸಿ, ಒಂದು ವಾರ ಅವರ ಹಸಿಕಸವನ್ನು ಕೊಕ್ಕೆತಕ್ಕಡಿಯಲ್ಲಿ ಪ್ರತಿದಿನ ತೂಗಿ ಬರೆದಿಡಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದು ಕಿಲೊ ಬರುವುದು ಸಾಮಾನ್ಯ. ಹಲಸು ಮಾವಿನ ಕಾಲದಲ್ಲಿ ಇದು ಏರುತ್ತದೆ, ಹಬ್ಬದ ಮರುದಿನವಂತೂ ಕೇಳುವುದೇ ಬೇಡ. ಈ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೆ ವಹಿಸಿದರೆ ಅವರು ಅದನ್ನು ನಮಗಿಂತ ಶಿಸ್ತಿನಿಂದ ಮಾಡುತ್ತಾರೆ. ದೇಶದ ಅಂಕಿ ಅಂಶಗಳನ್ನು ಓದಿದಾಗ ತಲೆದೂಗಿ ಸುಮ್ಮನಾಗುವ ಜನ, ತಮ್ಮದೇ ಮೂರನೇ ಅಡ್ಡರಸ್ತೆಯ ಹತ್ತು ಮನೆಗಳ ಲೆಕ್ಕ ಓದಿದಾಗ ಪ್ರಶ್ನೆ ಕೇಳಲು ಆರಂಭಿಸುತ್ತಾರೆ.

ಅನುಮತಿಯ ವಿಷಯವನ್ನು ಕೊನೆಯ ವಾರಕ್ಕೆ ಬಿಡಬೇಡಿ. ಪರವಾನಗಿ ಇಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮದ ಬಗ್ಗೆ ಸ್ಥಳೀಯ ಸಂಸ್ಥೆಗೆ ಕನಿಷ್ಠ ಮೂರು ಕೆಲಸದ ದಿನಗಳ ಮುಂಚೆ ತಿಳಿಸಬೇಕು ಮತ್ತು ಅಲ್ಲಿ ಉಂಟಾಗುವ ಕಸವನ್ನು ಬೇರ್ಪಡಿಸಿ ಒಪ್ಪಿಸುವ ಹೊಣೆ ಆಯೋಜಕರದು ಎಂದು 2016ರ ನಿಯಮಗಳಲ್ಲೇ ಹೇಳಿತ್ತು. ಉದ್ಯಾನವಾದರೆ ನಗರಸಭೆ ಅಥವಾ ಪಾಲಿಕೆಯಿಂದ, ಶಾಲೆಯ ಅಂಗಳವಾದರೆ ಮುಖ್ಯೋಪಾಧ್ಯಾಯರಿಂದ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಿಂದ ಒಪ್ಪಿಗೆ ಪಡೆಯಬೇಕು. ನನ್ನ ಆಯ್ಕೆ ಯಾವಾಗಲೂ ಶಾಲೆಯ ಅಂಗಳ: ನೀರಿನ ನಲ್ಲಿ, ಶೌಚಾಲಯ, ಬೆಂಚುಗಳು ಅಲ್ಲಿಯೇ ಇರುತ್ತವೆ.

ಪ್ರಚಾರಕ್ಕೆ ಫ್ಲೆಕ್ಸ್ ಬೇಡ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿದೆ. ಪರಿಸರ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟುವುದು ನಗೆಪಾಟಲು. ಖಾದಿ ಅಥವಾ ಕೋರಾ ಬಟ್ಟೆಯ ಮೇಲೆ ತಾರೀಖು ಇಲ್ಲದಂತೆ ಬರೆಯಿಸಿದ ಫಲಕ ಐದಾರು ವರ್ಷ ಬರುತ್ತದೆ, ತಾರೀಖನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದರಾಯಿತು. ವಾಟ್ಸ್ಆ್ಯಪ್ ಸಂದೇಶ ಎಲ್ಲರಿಗೂ ತಲಪುತ್ತದೆ, ಆದರೆ ಅದರಿಂದ ಬರುವವರು ಕಡಿಮೆ. ಇಬ್ಬಿಬ್ಬರಾಗಿ ಸಂಜೆ ಮನೆ ಮನೆಗೆ ಹೋಗಿ, ಒಳಗೆ ಕರೆದರೆ ಐದು ನಿಮಿಷ ಕುಳಿತು ಮಾತನಾಡಿ ಬರಬೇಕು. ಮನೆಯಲ್ಲಿ ಅಡುಗೆ ಮಾಡುವವರನ್ನೇ, ಅದು ಅಜ್ಜಿಯಾಗಿರಲಿ, ಸೊಸೆಯಾಗಿರಲಿ, ಕೆಲಸಕ್ಕೆ ಬರುವ ಅಕ್ಕನಾಗಿರಲಿ, ಹೆಸರು ಹಿಡಿದು ಆಹ್ವಾನಿಸಬೇಕು. ಬಕೆಟ್ ನಡೆಯುವುದೂ ನಿಲ್ಲುವುದೂ ಅವರ ಕೈಯಲ್ಲಿದೆ. ಸ್ತ್ರೀಶಕ್ತಿ ಸಂಘದವರು ಜೊತೆಗೂಡಿದರೆ ಅರ್ಧ ಕೆಲಸ ಮುಗಿದಂತೆ.

ಊಟ ಮತ್ತು ನೀರು

ಕಾರ್ಯಕ್ರಮದ ಮಾತು ಒಂದು, ಅದರ ಕಸದಬುಟ್ಟಿ ಇನ್ನೊಂದು ಆಗಬಾರದು. ತಿಂಡಿ ಉಪ್ಪಿಟ್ಟು, ಕೋಸಂಬರಿ, ಬಾಳೆಹಣ್ಣು, ಕುಡಿಯಲು ಪಾನಕ ಅಥವಾ ಮಜ್ಜಿಗೆ ಸಾಕು. ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಿಂದ, ಅಥವಾ ಸಮಾರಂಭಗಳಿಗೆ ತಟ್ಟೆ ಎರವಲು ಕೊಡುವ ತಟ್ಟೆ ಬ್ಯಾಂಕ್ ಇರುವ ಊರಾದರೆ ಅಲ್ಲಿಂದ, ನೂರೈವತ್ತು ಜನರಿಗೆ ಇನ್ನೂರು ಸ್ಟೀಲ್ ತಟ್ಟೆ, ಇನ್ನೂರು ಲೋಟ ತರಿಸಿ. ಸ್ಟೀಲ್ ಸಿಗದಿದ್ದರೆ ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ನಡೆಯುತ್ತವೆ. ಹಾಳೆಯ ತಟ್ಟೆ ಬಕೆಟ್‌ನಲ್ಲಿ ಬೇಗ ಕರಗದು, ಅದನ್ನು ಹರಿದು ದೊಡ್ಡ ಗುಂಡಿಗೆ ಹಾಕಬೇಕಾಗುತ್ತದೆ. ಕಾಗದದ ಲೋಟವನ್ನು ಮಾತ್ರ ಯಾವ ನೆಪಕ್ಕೂ ಒಳಗೆ ಬಿಡಬೇಡಿ, ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. ಗೊಬ್ಬರವಾಗುತ್ತದೆಂದು ಮುದ್ರಿಸಿದ ಚೀಲ ಲೋಟಗಳಲ್ಲಿ ಹಲವು ಕರಗುವುದು ಹೆಚ್ಚಿನ ಉಷ್ಣತೆಯ ದೊಡ್ಡ ಘಟಕಗಳಲ್ಲಿ. ಮನೆಯ ಬಕೆಟ್‌ನಲ್ಲಿ ಅವು ವರ್ಷಗಟ್ಟಲೆ ಹಾಗೆಯೇ ಉಳಿದಾವು.

ತಟ್ಟೆ ತೊಳೆಯಲು ಮೂರು ಟಬ್ಬುಗಳ ಸಾಲು ಮಾಡಿ. ಉಳಿದ ತಿಂಡಿಯನ್ನು ಬುಟ್ಟಿಗೆ ಕೆಡವಿ ಮೊದಲನೆಯದರಲ್ಲಿ ಅದ್ದುವುದು, ಎರಡನೆಯದರಲ್ಲಿ ಸೀಗೆ ಅಥವಾ ಅಂಟುವಾಳದ ನೀರಿನಲ್ಲಿ ಉಜ್ಜುವುದು, ಮೂರನೆಯದರಲ್ಲಿ ಶುದ್ಧ ನೀರಿನಲ್ಲಿ ತೊಳೆಯುವುದು. ಅವರವರ ತಟ್ಟೆಯನ್ನು ಅವರವರೇ ತೊಳೆಯಬೇಕೆಂಬ ನಿಯಮವನ್ನು ಆಹ್ವಾನದಲ್ಲಿಯೇ ಹೇಳಿಬಿಡಿ. ಅತಿಥಿಗಳಿಗೂ ವಿನಾಯಿತಿ ಬೇಡ. ಕಸದ ಬುಟ್ಟಿಗಳನ್ನು ಇಟ್ಟರೆ ಸಾಲದು, ಪ್ರತಿ ಬುಟ್ಟಿಯ ಬಳಿ ಒಬ್ಬ ಹುಡುಗನೋ ಹುಡುಗಿಯೋ ನಿಂತಿರಬೇಕು. ಜನ ನಿಂತಿಲ್ಲದ ಬುಟ್ಟಿಗೆ ಎಲ್ಲವೂ ಬೀಳುತ್ತದೆ.

ಬಕೆಟ್ ತುಂಬಿಸುವ ಪ್ರಾತ್ಯಕ್ಷಿಕೆ

ಆ ಬೆಳಗಿನ ಮುಖ್ಯ ಭಾಗ ಇದೇ. ಇದಕ್ಕೆ ಒಂದೂವರೆ ಗಂಟೆ ಮೀಸಲಿಡಬೇಕು. ಆರು ವಾರ ಮುಂಚಿನಿಂದ ಸಿದ್ಧತೆ ಬೇಕೆಂದು ಹೇಳಿದ್ದಕ್ಕೆ ನಿಜವಾದ ಕಾರಣವೂ ಇದೇ. ಪ್ರದರ್ಶನಕ್ಕೆ ನಾಲ್ಕು ಬಕೆಟ್‌ಗಳು ಬೇಕು: ಖಾಲಿಯದೊಂದು, ಒಂದು ವಾರದ್ದೊಂದು, ಮೂರು ವಾರದ್ದೊಂದು, ಆರು ವಾರ ಮಾಗಿದ್ದೊಂದು. ಕೊನೆಯದನ್ನು ಪದಾಧಿಕಾರಿಯೊಬ್ಬರ ಮನೆಯಲ್ಲಿ ಮೊದಲ ಸಭೆಯ ಮರುದಿನವೇ ಆರಂಭಿಸಿ ಒಂದೇ ವಾರದಲ್ಲಿ ತುಂಬಿಸಿಬಿಡಬೇಕು. ಜನರ ಮನಸ್ಸಿನಲ್ಲಿರುವ ಭಯ ನಾತದ್ದು, ಹುಳುವಿನದ್ದು. ಮಾಗಿದ ಗೊಬ್ಬರವನ್ನು ಅವರ ಅಂಗೈಗೆ ಹಾಕಿ ಮೂಸಲು ಹೇಳಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಮುಖಗಳು ಬದಲಾಗುವುದನ್ನು ನೋಡುವುದೇ ಒಂದು ಸಂತೋಷ.

ಪಾತ್ರೆಗಾಗಿ ಗೋಡೆಗೆ ಬಣ್ಣ ಬಳಿಯುವವರು ಬಿಟ್ಟುಹೋಗುವ 20 ಲೀಟರ್‌ನ ಬಕೆಟ್‌ಗಳನ್ನು ಚೆನ್ನಾಗಿ ತೊಳೆದು ಬಳಸಬಹುದು; ಮಣ್ಣಿನ ಮಡಕೆಯಾದರೆ ಇನ್ನೂ ಮೇಲು, ಅದು ತಾನೇ ಉಸಿರಾಡುತ್ತದೆ. ಬಕೆಟ್‌ನ ಸುತ್ತ ನಾಲ್ಕು ಬೆರಳಿನ ಅಂತರದಲ್ಲಿ ಕಾದ ಮೊಳೆಯಿಂದ ತೂತು ಮಾಡಬೇಕು, ತಳದಲ್ಲಿಯೂ ಐದಾರು ಇರಲಿ. ಕೆಳಗೊಂದು ತಟ್ಟೆಯಿಟ್ಟು ಬಕೆಟ್ಟನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಬೇಕು. ತಳಕ್ಕೆ ತರಗೆಲೆ ಹಾಸಿ, ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಸಗಣಿಯ ಬಗ್ಗಡ ಹಾಕುವುದು. ಇವೆರಡೂ ಸಿಗದ ಪೇಟೆಯಲ್ಲಿ ಮೂರು ದಿನದ ಹುಳಿ ಮಜ್ಜಿಗೆಗೆ ಚಿಟಿಕೆ ಬೆಲ್ಲ ಸೇರಿಸಿ ಚಿಮುಕಿಸಿದರೂ ಕೆಲಸವಾಗುತ್ತದೆ. ನಂತರ ದಿನದಿನದ ಹಸಿಕಸವನ್ನು ಸಣ್ಣಗೆ ಹೆಚ್ಚಿ ಹಾಕಿ, ಅದು ಕಾಣದಂತೆ ಮೇಲೆ ಪುಡಿ ಮಾಡಿದ ತರಗೆಲೆ ಮುಚ್ಚುವುದು. ಒಂದು ಪಾವು ಹಸಿಕಸಕ್ಕೆ ಒಂದು ಪಾವು ಎಲೆಪುಡಿ ಎಂಬ ಅಳತೆ ನೆನಪಿಡಲು ಸುಲಭ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಭಾಗಕ್ಕೆ ಇಂಗಾಲದ 25ರಿಂದ 30 ಭಾಗ ಹಿತವೆಂಬುದು ಇದರ ಹಿಂದಿನ ವಿಜ್ಞಾನ. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಎಲೆ ಸಿಗದಿದ್ದರೆ ಮರಗೆಲಸದ ಹೊಟ್ಟು, ತೆಂಗಿನ ನಾರಿನ ಪುಡಿ, ಹರಿದ ದಿನಪತ್ರಿಕೆ ಆದೀತು.

ಎರಡು ದಿನಕ್ಕೊಮ್ಮೆ ಕೋಲಿನಿಂದ ತಿರುವಿ ಗಾಳಿಯಾಡಿಸಬೇಕು. ತೇವದ ಪರೀಕ್ಷೆಯನ್ನು ಎಲ್ಲರ ಕೈಯಿಂದಲೂ ಮಾಡಿಸಿ: ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿಯಿಂದ ನೀರು ಸುರಿಯಬಾರದು. ಕೊಳೆತ ನಾತ ಬಂದರೆ ನೀರು ಹೆಚ್ಚಾಗಿದೆ, ಎಲೆ ಸೇರಿಸಿ ತಿರುವಬೇಕು. ಇರುವೆ ಮುತ್ತಿದರೆ ಒಣಗಿದೆ, ನೀರು ಚಿಮುಕಿಸಬೇಕು. ದಪ್ಪನೆಯ ಬಿಳಿ ಮರಿಹುಳುಗಳು ಕಂಡರೆ ಹೆದರಬೇಕಾಗಿಲ್ಲ, ಅವು ಕಪ್ಪು ಸೈನಿಕ ನೊಣದ ಮರಿಗಳು. ಕಸವನ್ನು ನಮಗಿಂತ ಬೇಗ ಮುಗಿಸುತ್ತವೆ, ನೋಡಲು ಚೆನ್ನಾಗಿಲ್ಲ ಅಷ್ಟೆ. ಮೂಳೆ, ಮಾಂಸ, ಎಣ್ಣೆಯ ಪದಾರ್ಥ, ಹಾಲು ಮೊಸರಿನ ಉಳಿಕೆಗಳನ್ನು ಮೊದಲ ಬಕೆಟ್‌ಗೆ ಹಾಕುವುದು ಬೇಡ. ನಿಂಬೆ ಮೋಸಂಬಿ ಸಿಪ್ಪೆ ಸ್ವಲ್ಪ ಸಾಕು. ಬಕೆಟ್ ತುಂಬಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಮಾಗಲು ಬಿಡಬೇಕು, ಅಷ್ಟರಲ್ಲಿ ಎರಡನೆಯದು ತುಂಬುತ್ತಿರುತ್ತದೆ. ದೊಡ್ಡ ಸಂಸಾರವಾದರೆ ಮೂರನೆಯದೂ ಬೇಕಾದೀತು. ಬಾಡಿಗೆ ಮನೆಯವರು ಮಾಲೀಕರಿಗೆ ಅಂಜುತ್ತಾರೆ. ಅಂಥವರ ಮಾಲೀಕರನ್ನೂ ಆ ದಿನ ಕರೆದು ಮಾಗಿದ ಬಕೆಟ್‌ನ ಪಕ್ಕದಲ್ಲಿ ನಿಲ್ಲಿಸುವುದು ಉತ್ತಮ.

ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆಯನ್ನಿಟ್ಟು ಪ್ಲಾಸ್ಟಿಕ್ ಟ್ರೋಫಿ ಕೊಡುವ ಪದ್ಧತಿಯನ್ನು ಕೈಬಿಡಬಹುದು. ಎಲೆ ಆರಿಸಿ ಗೋಣಿಚೀಲ ತುಂಬಿಸುವ ಕೆಲಸ ಅವರಿಗೆ ಆಟವೇ. ತೊಟ್ಟಿಕ್ಕುವ ಶಾಲೆಯ ನಲ್ಲಿಯ ಕೆಳಗೆ ಲೋಟವಿಟ್ಟು ಹತ್ತು ನಿಮಿಷದಲ್ಲಿ ಬಿದ್ದ ನೀರನ್ನು 144ರಿಂದ ಗುಣಿಸಿದರೆ ಒಂದು ದಿನದ ನಷ್ಟ ತಿಳಿಯುತ್ತದೆ. ಈ ಲೆಕ್ಕ ಮಾಡಿದ ಮಗು ಮನೆಗೆ ಹೋಗಿ ಅಪ್ಪನಿಂದ ಹೊಸ ವಾಷರ್ ಹಾಕಿಸದೆ ಬಿಡುವುದಿಲ್ಲ.

ಭಾಷಣ ಮತ್ತು ಸಸಿ

ಜನಪ್ರತಿನಿಧಿಗಳನ್ನು ಕರೆಯಬಾರದೆಂದು ನಾನು ಹೇಳುವುದಿಲ್ಲ, ಬೀದಿಗೆ ಎಲೆಗೂಡು, ಅಂದರೆ ಉದುರಿದ ಎಲೆ ಕೂಡಿಡುವ ಜಾಲರಿಯ ಗೂಡು, ಬೇಕೆಂದಾಗ ಅವರ ಸಹಿ ಬೇಕಾಗುತ್ತದೆ. ಆದರೆ ಐದು ನಿಮಿಷಕ್ಕೆ ಮಿತಿಗೊಳಿಸಿ, ಖಾಲಿ ಬಕೆಟ್‌ಗೆ ಮೊದಲ ಹಿಡಿ ತರಗೆಲೆಯನ್ನು ಅವರ ಕೈಯಿಂದಲೇ ಹಾಕಿಸಿ. ಉದ್ಘಾಟನೆಯೂ ಆಯಿತು, ಪಾಠವೂ ಆಯಿತು.

ಸಸಿ ನೆಡಲೇಬೇಕೆಂದು ಯಾರಾದರೂ ಹಟ ಹಿಡಿಯುತ್ತಾರೆ. ಕನಿಷ್ಠ ಎರಡು ಬೇಸಿಗೆ ನೀರೆರೆಯುವವರ ಹೆಸರು ಪ್ರತಿ ಸಸಿಯ ಎದುರು ಬರೆದಿದ್ದರೆ ಮಾತ್ರ ಒಪ್ಪಿಕೊಳ್ಳಿ, ಅದೂ ಮಳೆಗಾಲಕ್ಕೆ ಮುಂದೂಡಿ. ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ಬೆಳೆಸಿದ 385 ಆಲದ ಮರಗಳನ್ನು ಎಲ್ಲರೂ ಉದಾಹರಿಸುತ್ತಾರೆ. ಅವರು ದೂರದಿಂದ ನೀರು ಹೊತ್ತು ತಂದು ಎರೆದದ್ದನ್ನೂ ದನಗಳಿಂದ ಕಾಯಲು ಮುಳ್ಳಿನ ಬೇಲಿ ಕಟ್ಟಿದ್ದನ್ನೂ ಹೇಳುವವರು ಕಡಿಮೆ.

ಮರುದಿನದಿಂದ ಅರವತ್ತನೆಯ ದಿನದವರೆಗೆ

ಆ ಬೆಳಿಗ್ಗೆ ಉತ್ಸಾಹದಲ್ಲಿ ಎಪ್ಪತ್ತು ಜನ ಕೈಯೆತ್ತಬಹುದು. ಹೆಸರು, ಮನೆ ಸಂಖ್ಯೆ ಬರೆದುಕೊಂಡು ಮೊದಲ ಸುತ್ತಿಗೆ ಇಪ್ಪತ್ತು ಮನೆಗಳನ್ನು ಮಾತ್ರ ತೆಗೆದುಕೊಳ್ಳಿ, ಏಕೆಂದರೆ ಸ್ವಯಂಸೇವಕರು ಇರುವುದು ನಾಲ್ಕೈದು ಮಂದಿ, ಒಬ್ಬೊಬ್ಬರಿಗೆ ನಾಲ್ಕೈದು ಮನೆಗಿಂತ ಹೆಚ್ಚು ವಹಿಸಿದರೆ ಭೇಟಿಗಳು ತಪ್ಪುತ್ತವೆ. ಮೊದಲ ಭೇಟಿ ಏಳನೆಯ ದಿನ, ಎರಡನೆಯದು ಹದಿನೈದನೆಯ ದಿನ. ಎರಡನೆಯದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ನಾತ, ನೊಣ, ಅತ್ತೆಯ ಗೊಣಗಾಟ ಎಲ್ಲವೂ ಒಟ್ಟಿಗೆ ಬರುವ ಸಮಯವದು, ಬಕೆಟ್‌ಗಳು ನಿಲ್ಲುವುದು ಆ ವಾರದಲ್ಲೇ. ಹೋಗುವಾಗ ಒಂದು ಚೀಲ ಎಲೆಪುಡಿ ಕೈಯಲ್ಲಿರಲಿ. ಬರಿಗೈಯಲ್ಲಿ ಹೋಗಿ ಸಲಹೆ ಕೊಡುವವರಿಗೆ ಎರಡನೆಯ ಸಲ ಬಾಗಿಲು ತೆರೆಯುವುದು ನಿಧಾನ.

ಇದರ ಜೊತೆಗೆ ಉದ್ಯಾನದ ಮೂಲೆಯಲ್ಲಿ ತಂತಿಜಾಲರಿಯಿಂದ ನಾಲ್ಕಡಿ ಅಗಲದ ಒಂದು ಎಲೆಗೂಡು ಕಟ್ಟಿಸಿ, ಬೀದಿ ಗುಡಿಸುವವರು ಎಲೆಯನ್ನು ಸುಡದೆ ಅಲ್ಲಿಗೆ ತಂದು ಹಾಕುವಂತೆ ಮಾತಾಡಿಕೊಳ್ಳಬೇಕು. ಅರ್ಧ ಎಲೆ ಮನೆಗಳ ಬಕೆಟ್‌ಗೆ ಹೋಗುತ್ತದೆ, ಉಳಿದದ್ದು ಅಲ್ಲಿಯೇ ನಿಧಾನವಾಗಿ ಗೊಬ್ಬರವಾಗುತ್ತದೆ. ಮಳೆಗಾಲಕ್ಕೆಂದು ಹತ್ತಿಪ್ಪತ್ತು ಗೋಣಿಚೀಲ ಒಣ ಎಲೆಯನ್ನು ಶಾಲೆಯ ಕೊಠಡಿಯಲ್ಲೋ ಯಾರದಾದರೂ ಶೆಡ್ಡಿನಲ್ಲೋ ಮೇ ತಿಂಗಳೊಳಗೆ ಕೂಡಿಡಿ. ಇದನ್ನು ಮರೆತ ವರ್ಷ ಜುಲೈನಲ್ಲಿ ನಮ್ಮ ಅರ್ಧಕ್ಕರ್ಧ ಬಕೆಟ್‌ಗಳು ನಿಂತುಹೋದವು.

ಅರವತ್ತನೆಯ ದಿನದ ಹತ್ತಿರದ ಭಾನುವಾರ ಇಪ್ಪತ್ತು ಮನೆಯವರೂ ತಮ್ಮ ಮೊದಲ ಬಕೆಟ್ ಹೊತ್ತು ಅದೇ ಅಂಗಳಕ್ಕೆ ಬರಲಿ. ವೇದಿಕೆ, ಮೈಕು ಬೇಡ; ಒಂದು ಜರಡಿ, ಒಂದು ತಕ್ಕಡಿ, ಒಂದಿಷ್ಟು ಚಹಾ ಸಾಕು. ಗೊಬ್ಬರವನ್ನು ಜರಡಿ ಹಿಡಿದು ತೂಗಿ, ಕರಗದೆ ಉಳಿದ ತುಂಡುಗಳನ್ನು ಮುಂದಿನ ಬಕೆಟ್‌ಗೆ ಬೀಜವಾಗಿ ಹಿಂತಿರುಗಿಸಿ. ಮೊದಲು ತೂಗಿದ್ದ ಹತ್ತು ಮನೆಗಳಲ್ಲಿ ಬಕೆಟ್ ಇಟ್ಟವರು ಎಷ್ಟು ಮಂದಿ ಇದ್ದಾರೋ ಅವರು ಗಾಡಿಗೆ ಕೊಡುವ ಕಸವನ್ನು ಮತ್ತೊಂದು ವಾರ ತೂಗಿ, ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಹಲಗೆಯ ಮೇಲೆ ಬರೆಯಿರಿ. ಬಕೆಟ್ ನಿಲ್ಲಿಸಿದ ಮನೆಗಳ ಸಂಖ್ಯೆಯನ್ನೂ ಅದೇ ಹಲಗೆಯ ಮೇಲೆ, ಹೆಸರಿಲ್ಲದೆ, ಬರೆಯಬೇಕು. ತಾವು ಬಳಸದ ಗೊಬ್ಬರವನ್ನು ಜನ ಶಾಲೆಯ ತೋಟಕ್ಕೆ ಕೊಟ್ಟು ಹೋಗುತ್ತಾರೆ. ಎರಡನೆಯ ಸುತ್ತಿನ ಇಪ್ಪತ್ತು ಮನೆಗಳ ಪಟ್ಟಿಯನ್ನು ಅಂದೇ, ಅಂಗಳ ಗುಡಿಸುವ ಮುಂಚೆಯೇ, ಬರೆದು ಮುಗಿಸಿ.